ತಡವಾದ ಬಹುಮಾನ ಮತ್ತು ಒಂದು ಅವಸರದ ತೀರ್ಮಾನ

ಬಹುಮಾನ ಕೆಲವೇ ಸೆಕೆಂಡುಗಳಲ್ಲಿ ಸಿಗದಿದ್ದರೆ ಪ್ರಯೋಗಾಲಯದ ಇಲಿ ಕಲಿಯುವುದಿಲ್ಲ. ಶಿಕ್ಷಕರಾಗುವ ಮುನ್ನ ಇಂಥ ಮಾತನ್ನು ನೀವು ಓದಿರಬಹುದು, ಪರೀಕ್ಷೆಯಲ್ಲಿ ಬರೆದೂ ಇರಬಹುದು. ಅದರ ಬೆನ್ನಿಗೇ ‘ಆದ್ದರಿಂದ ಮಗುವಿನ ಸರಿಯುತ್ತರವನ್ನು ತಕ್ಷಣ ಮೆಚ್ಚಬೇಕು’ ಎಂಬ ಸಲಹೆ ಬರುತ್ತದೆ. ಮೆಚ್ಚುವುದಕ್ಕೆ ನನ್ನ ತಕರಾರಿಲ್ಲ. ತಕರಾರು ಆ ‘ಆದ್ದರಿಂದ’ಕ್ಕೆ.

ಅಳತೆಗಳನ್ನೇ ನೋಡಿ. 1917ರಲ್ಲಿ ಅಮೆರಿಕದ ಜೆ. ಬಿ. ವಾಟ್ಸನ್, ಮರದ ಹೊಟ್ಟನ್ನು ಅಗೆದು ಆಹಾರದ ಪೆಟ್ಟಿಗೆ ಸೇರುವುದನ್ನು ಇಲಿಗಳಿಗೆ ಕಲಿಸಿದರು. ಒಂದು ಗುಂಪಿಗೆ ತಕ್ಷಣ ತಿನಿಸು, ಇನ್ನೊಂದಕ್ಕೆ 30 ಸೆಕೆಂಡು ಕಾದ ಮೇಲೆ. ಎರಡೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಕಲಿತವು. 1934ರಲ್ಲಿ ಜೆ. ಬಿ. ವುಲ್ಫ್, 20 ನಿಮಿಷ ತಡವಾದಾಗಲೂ ಸ್ವಲ್ಪಮಟ್ಟಿನ ಕಲಿಕೆಯನ್ನು ಕಂಡರು. ಆದರೆ 1948ರಲ್ಲಿ ಜಿ. ಆರ್. ಗ್ರೈಸ್ ನಡೆಸಿದ ಪ್ರಯೋಗದಲ್ಲಿ ಅರ್ಧ ಸೆಕೆಂಡಿನ ತಡಕ್ಕೇ ಕಲಿಕೆ ಕುಂಟಿತು. 10 ಸೆಕೆಂಡಾದಾಗ ಕೆಲವು ಇಲಿಗಳು ಸಾವಿರಕ್ಕೂ ಹೆಚ್ಚು ಪ್ರಯತ್ನಗಳ ನಂತರವೂ ಕಲಿಯಲಿಲ್ಲ. ಒಂದೇ ರಾಶಿಯ ಅಳತೆಗಳಲ್ಲಿ ನೂರು ಪಟ್ಟಿಗೂ ಮಿಕ್ಕ ವ್ಯತ್ಯಾಸ! ನಿಮ್ಮ ವಿದ್ಯಾರ್ಥಿ ಲೋಲಕದ ಆವರ್ತಕಾಲವನ್ನು ಹೀಗೆ ಬರೆದು ತಂದರೆ ಏನು ಕೇಳುತ್ತೀರಿ? ಎಲ್ಲರೂ ಅಳೆದದ್ದು ಒಂದನ್ನೇ ತಾನೇ, ಎಂದು.

ಒಂದನ್ನೇ ಅಲ್ಲ. ವಾಟ್ಸನ್‌ರ ಇಲಿ ಕಾಯುತ್ತಿದ್ದುದು ತೂತುಗಳಿದ್ದ ಮುಚ್ಚಳದ ಬಟ್ಟಲಿನ ಪಕ್ಕದಲ್ಲೇ. ತಿನಿಸಿಗೆ ಮೊದಲು ವಾಸನೆ ತಲುಪುತ್ತಿತ್ತು. ವುಲ್ಫ್‌ರ ಇಲಿಗಳಿಗೆ ಸರಿ ಆಯ್ಕೆಯ ನಂತರ ಕಾಯುವ ಕೋಣೆ ಬೇರೆ, ತಪ್ಪಿದಾಗಿನ ಕೋಣೆ ಬೇರೆ. ತಿನಿಸು ಬರುವುದೋ ಇಲ್ಲವೋ ಎಂಬುದನ್ನು ಕೋಣೆಯೇ ತಿಳಿಸುತ್ತಿತ್ತು. ಬಹುಮಾನದ ಜೊತೆಗಿದ್ದು ತಾನೇ ಬಹುಮಾನದಂತೆ ಕೆಲಸ ಮಾಡುವ ಇಂಥ ಸೂಚನೆಗೆ ಗೌಣ ಪುನರ್ಬಲನ ಎಂದು ಹೆಸರು. ಗ್ರೈಸ್ ಅದನ್ನು ತೆಗೆದುಹಾಕಲು ಯತ್ನಿಸಿದರು: ಕಪ್ಪು-ಬಿಳಿ ದಾರಿಗಳನ್ನು ಎಡಬಲ ಬದಲಿಸಿದರು, ಕಾಯುವ ಜಾಗಕ್ಕೂ ತಿನ್ನುವ ಜಾಗಕ್ಕೂ ಬೂದು ಬಣ್ಣವನ್ನೇ ಕೊಟ್ಟರು. ನಾಣ್ಯ-ಗರಿಯ ಕೊಳವೆಯಿಂದ ಗಾಳಿ ತೆಗೆದಂತೆ. ಅಚ್ಚುಕಟ್ಟಾದ ಪ್ರಯೋಗ, ಒಪ್ಪೋಣ. ಆದರೆ ನಿರ್ವಾತದಲ್ಲಿ ಬಂದ ಅಂಕಿಯನ್ನು ಅಂಗಳದಲ್ಲಿ ಬೀಳುವ ಗರಿಗೆ ಅನ್ವಯಿಸಬಹುದೇ? ಅದೇ ಲೇಖನದಲ್ಲಿ ಗ್ರೈಸ್, 5 ಸೆಕೆಂಡು ತಡವಿಟ್ಟು, ಕೊನೆಯ ಪೆಟ್ಟಿಗೆಗಳಿಗೂ ಕಪ್ಪು-ಬಿಳಿ ಬಣ್ಣ ಕೊಟ್ಟು ನೋಡಿದ್ದಾರೆ, ಕಲಿಕೆ ಚೇತರಿಸಿಕೊಂಡಿತು. ಗ್ರೈಸ್‌ರ ರೇಖೆಯನ್ನು ಮಾತ್ರ ಎತ್ತಿಕೊಂಡವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ.

ತಡದಿಂದ ನಷ್ಟವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಉಳಿದೆಲ್ಲವೂ ಸಮವಿದ್ದರೆ ಹೆಚ್ಚು ತಡಕ್ಕೆ ಕಲಿಕೆ ನಿಧಾನ. ಆದರೂ 1990ರಲ್ಲಿ ಲಟ್ಟಲ್ ಮತ್ತು ಗ್ಲೀಸನ್, ಯಾವ ಸೂಚನೆಯೂ ಇಲ್ಲದೆ 30 ಸೆಕೆಂಡು ತಡವಾಗಿ ತಿನಿಸು ಕೊಟ್ಟಾಗಲೂ ಇಲಿ, ಪಾರಿವಾಳಗಳು ಹೊಸ ವರ್ತನೆ ಕಲಿತದ್ದನ್ನು ತೋರಿಸಿದರು.

ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು 1979ರ ಪ್ರಯೋಗ. ಲೀಬರ್‌ಮನ್, ಮ್ಯಾಕಿಂಟಾಷ್ ಮತ್ತು ಥಾಮಸ್, ಇಲಿ ದಾರಿ ಆರಿಸಿದ ಕೂಡಲೇ, ಅದು ಸರಿಯಿರಲಿ ತಪ್ಪಿರಲಿ, ಅದನ್ನು ಕೈಯಲ್ಲಿ ಎತ್ತಿ ಮತ್ತೆ ಇಳಿಸಿದರು. ತಿನಿಸು ಬಂದದ್ದು ನಿಮಿಷಗಳ ನಂತರ. ಈ ಇಲಿಗಳು ಕಲಿತವು. ಎತ್ತದೆ ಬಿಟ್ಟವು ಕಲಿಯಲಿಲ್ಲ. ಎತ್ತುವುದರ ಬದಲು ಬೆಳಕು ಅಥವಾ ಸದ್ದು ಕೊಟ್ಟರೂ ಫಲ ಅದೇ. ಸರಿ-ತಪ್ಪು ಹೇಳದ ಆ ಅಡ್ಡಿ, ಆ ಗಳಿಗೆಯ ಆಯ್ಕೆಯನ್ನು ಇಲಿಯ ನೆನಪಿನಲ್ಲಿ ಗುರುತು ಮಾಡಿತೆಂಬುದು ಅವರ ವಿವರಣೆ. ತಿನಿಸಿನ ತಡ ಎರಡೂ ಗುಂಪಿಗೆ ಒಂದೇ ಇತ್ತು.