ಅಂಚೆಯಲ್ಲಿ ಬಂದ ಹಾಡುಗಳು

ನಾನು ಲೆಕ್ಕಪರಿಶೋಧಕ, ಸಂಗೀತ ವಿಮರ್ಶೆ ನನ್ನ ಕಸುಬಲ್ಲ. ಆದರೂ 2003ರಲ್ಲಿ ಬಂದ ‘ಗಿವ್ ಅಪ್’ ಎಂಬ ಅಮೆರಿಕನ್ ಆಲ್ಬಮ್ ಕೇಳುವಾಗಲೆಲ್ಲ ನನ್ನೊಳಗಿನ ಆಡಿಟರ್ ಎದ್ದು ಕೂರುತ್ತಾನೆ.

ಲಾಸ್ ಏಂಜಲೀಸಿನಲ್ಲಿದ್ದ ಜಿಮ್ಮಿ ಟ್ಯಾಂಬೊರೆಲ್ಲೊ ವಾದ್ಯಸಂಗೀತವನ್ನು ಡಿಜಿಟಲ್ ಮುದ್ರಿಕೆಯಲ್ಲಿ ಅಂಚೆಗೆ ಹಾಕುತ್ತಿದ್ದರು. ಸಿಯಾಟಲ್‌ನಲ್ಲಿದ್ದ ಬೆನ್ ಗಿಬರ್ಡ್ ಅದಕ್ಕೆ ಮಾತು, ರಾಗ, ದನಿ ಸೇರಿಸಿ ಹಿಂದಕ್ಕೆ ಕಳಿಸುತ್ತಿದ್ದರು. ಹಾಗಾಗಿ ತಂಡದ ಹೆಸರೇ ‘ದಿ ಪೋಸ್ಟಲ್ ಸರ್ವಿಸ್’. ಅಮೆರಿಕದ ಅಂಚೆ ಸೇವೆ ಆ ಹೆಸರಿಗೆ ಆಕ್ಷೇಪಿಸಿ ನೋಟಿಸ್ ಕೊಟ್ಟಿತು. ಕೊನೆಗೆ ರಾಜಿಯಾಗಿ ಆಲ್ಬಮನ್ನು ತಾನೇ ಮಾರಿತು.

ಈ ಹತ್ತು ಹಾಡುಗಳಲ್ಲಿ ದೂರ ಕೇಳಿಸುತ್ತದೆ. ಯಂತ್ರದ ತಾಳ ಒಂದು ಕೋಣೆಯಲ್ಲಿ, ಮನುಷ್ಯನ ದನಿ ಇನ್ನೊಂದರಲ್ಲಿ. ಎದುರುಬದುರು ಕೂತವರ ಜಗಳ, ಜುಗಲಬಂದಿ ಇಲ್ಲಿಲ್ಲ. ಕೆಲವು ಹಾಡುಗಳು ಶುರುವಾದ ಜಾಡಿನಲ್ಲೇ ಮುಗಿದುಬಿಡುತ್ತವೆ. ಆದರೆ ಅಗಲಿಕೆಯ ಹಾಡುಗಳಿಗೆ ಆ ಅಂತರವೇ ಒಪ್ಪುತ್ತದೆ. ‘ನಥಿಂಗ್ ಬೆಟರ್’ನಲ್ಲಿ ಗಂಡು ಹಳೆಯದನ್ನೆಲ್ಲ ತನಗೆ ಬೇಕಾದಂತೆ ತಿದ್ದಿಕೊಂಡು ಗೋಗರೆಯುತ್ತಾನೆ, ಬಿಟ್ಟುಹೋಗುತ್ತಿರುವ ಹೆಣ್ಣು, ಜೆನ್ ವುಡ್ ದನಿಯಲ್ಲಿ, ಪುರಾವೆ ಸಮೇತ ಉತ್ತರ ಕೊಡುತ್ತಾಳೆ. ನನ್ನನ್ನು ಚುಚ್ಚುವ ಹಾಡು ಅದೇ.

ಏಕೆಂದರೆ ಹಾಗೆ ತಿದ್ದಿದವನು ನಾನೂ ಹೌದು. ಟೊರೊಂಟೊದಿಂದ ನಾನು, ಧಾರವಾಡದಿಂದ ಗೆಳೆಯ ಸೇರಿ ಒಂದು ಧ್ವನಿನಾಟಕ ಮಾಡಿದೆವು. ಅವನು ತನ್ನ ತಾಯಿ ಹಾಡಿದ ಬೀಸುವ ಪದವೊಂದನ್ನು ಫೋನಿನಲ್ಲಿ ಮುದ್ರಿಸಿ ನಮ್ಮಿಬ್ಬರ ಫೋಲ್ಡರಿಗೆ ಹಾಕಿದ. ನಾನು ಅದರೊಳಗಿನ ಕೆಮ್ಮನ್ನೂ ಕೊನೆಯ “ಸಾಕೇನಪಾ?”ವನ್ನೂ ಕತ್ತರಿಸಿ, ಅದೇ ಹೆಸರಿನಲ್ಲಿ ಉಳಿಸಿದೆ. ಅವರು ತೀರಿಕೊಂಡ ಮೇಲೆ ಗೆಳೆಯ ಕೇಳಿದ್ದು ಹಾಡನ್ನಲ್ಲ, ಆ ಕೆಮ್ಮನ್ನು. ಅಷ್ಟರಲ್ಲಿ ಅವನ ಫೋನಿನ ಪ್ರತಿ ಅಳಿಸಿಹೋಗಿತ್ತು. ಫೋಲ್ಡರು ಹಳೆಯ ಆವೃತ್ತಿ ಇಟ್ಟುಕೊಳ್ಳುವ ಗಡುವೂ ಮುಗಿದಿತ್ತು.

ಲೆಕ್ಕದ ಪುಸ್ತಕದಲ್ಲಿ ತಪ್ಪು ನಮೂದನ್ನು ನಾವು ಅಳಿಸುವುದಿಲ್ಲ. ಅದನ್ನು ಹಾಗೇ ಬಿಟ್ಟು, ಕೆಳಗೆ ತಿದ್ದುಪಡಿಯ ನಮೂದು ಬರೆಯುತ್ತೇವೆ. ಅಂಚೆಯದೂ ಅದೇ ಶಿಸ್ತು: ನಾನು ತಿದ್ದಿ ಕಳಿಸಿದ್ದು ನಿಮ್ಮ ಕೈಲಿರುವ ಪ್ರತಿಯನ್ನು ಮುಟ್ಟುವುದಿಲ್ಲ. ಹಂಚಿಕೊಂಡ ಫೋಲ್ಡರಿನಲ್ಲಿ ಆ ಶಿಸ್ತನ್ನು ನಾವೇ ತರಬೇಕು.

ಈಗ ನಾವಿಬ್ಬರೂ ಒಂದು ಪಟ್ಟಿ ಇಟ್ಟಿದ್ದೇವೆ: ತಾರೀಖು, ಕಳಿಸಿದವರು, ಏನು ಬದಲಾಯಿತು, ಏಕೆ. ಮೂಲ ಕಡತಗಳನ್ನು ಯಾರೂ ಮುಟ್ಟುವುದಿಲ್ಲ. ಮೊದಲ ಸಾಲಿನಲ್ಲಿ ಆ ಬೀಸುವ ಪದದ ಹೆಸರಿದೆ. ಅದರ ಮುಂದೆ ಕಡತವಿಲ್ಲ.