ಬಿಳಿ ಕ್ರೇಯಾನ್, ಕಲ್ಲುಪ್ಪು, ಒಂದು ದಪ್ಪ ಹಾಳೆ

ಮಕ್ಕಳಿಗೆ ಅಂತ ಸಿಗೋ ವಾಟರ್ ಕಲರ್ ಕಿಟ್‌ಗಳು ಬಹುಪಾಲು ನನಗೆ ಹಿಡಿಸಲ್ಲ. ಚಿಟ್ಟೆ ಮೊದಲೇ ಅಚ್ಚಾಗಿರುತ್ತೆ, ಗೆರೆ ದಾಟಬಾರದು. ಹರಿಯೋ ನೀರಿಗೆ ಇದೆಂಥ ಶಿಸ್ತು ಮಾರಾಯ್ರೆ! ಬಿಳಿ ಕ್ರೇಯಾನಿನ ಆಟ ಎಷ್ಟೋ ವಾಸಿ. ಬಿಳಿ ಹಾಳೆ ಮೇಲೆ ಒತ್ತಿ ಗೀಚಿ, ನೀಲಿ ಬಳಿದರೆ ಮೇಣ ನೀರನ್ನು ಹತ್ತಿರ ಸೇರಿಸಲ್ಲ, ಕಾಣದಿದ್ದ ಗೆರೆ ಎದ್ದು ಬರುತ್ತೆ. ಅಪ್ಪ ಗುಟ್ಟಾಗಿ ಬರೆದದ್ದನ್ನು ಮಗಳು ಬಣ್ಣ ಬಳಿದು ಓದಬಹುದು. ಬಣ್ಣ ಒದ್ದೆ ಇರುವಾಗಲೇ ಕಲ್ಲುಪ್ಪು ಉದುರಿಸಿದರೆ ಹರಳು ನೀರು ಹೀರಿ ನಕ್ಷತ್ರದಂಥ ತಿಳಿ ಗುರುತು ಬಿಡುತ್ತೆ; ಅದು ಹೇಗೆ ಮೂಡುತ್ತೆ ಅಂತ ದೊಡ್ಡವರಿಗೂ ಗೊತ್ತಿರಲ್ಲ, ಅದೇ ಗಮ್ಮತ್ತು. ತಕರಾರು ಹಾಳೆಯದ್ದು. ಪ್ರಿಂಟರಿನ 75 ಜಿಎಸ್‌ಎಂ ಹಾಳೆ ಕರಿದ ಹಪ್ಪಳದ ಹಾಗೆ ಸುರುಟುತ್ತೆ, ಮಗು ತನ್ನ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತೆ. ದುಡ್ಡು 300 ಜಿಎಸ್‌ಎಂ ಹಾಳೆಗೆ ಹಾಕಿ, ಬಣ್ಣ ಅಗ್ಗದ್ದೇ ಇರಲಿ.