ಹೆಸರಿಲ್ಲದ ಊರು, ಹೆಸರಿರುವ ಊರು: ಗದಗ ಪರಿಸರದ ಅದ್ಭುತ ಕಥನಗಳ ಉಪಪ್ರಕಾರಗಳನ್ನು ಕುರಿತು

ಕನ್ನಡ ವಿಮರ್ಶೆಯಲ್ಲಿ 'ಫ್ಯಾಂಟಸಿ' ಎಂಬ ಪದ ಬಳಕೆಗೆ ಬಂದು ಹಲವು ದಶಕಗಳಾದವು. ಅದಕ್ಕೆ ಅದ್ಭುತ ಕಥನ, ಭ್ರಮಾಕಥನ, ಅತಿಮಾನುಷ ಕಥೆ ಎಂದು ಸಂದರ್ಭಕ್ಕೊಂದು ಪರ್ಯಾಯವನ್ನು ಸೂಚಿಸಿರುವುದೂ ಉಂಟು. ಆದರೆ ಈ ಹೆಸರಿನ ಕೆಳಗೆ ಬರುವ ಕಥನಗಳೆಲ್ಲ ಒಂದೇ ಬಗೆಯವೇ, ಅಲ್ಲವಾದರೆ ಅವುಗಳನ್ನು ಯಾವ ಆಧಾರದ ಮೇಲೆ ಬೇರ್ಪಡಿಸಬೇಕು ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಸಾಕಷ್ಟು ಗಂಭೀರವಾಗಿ ಎತ್ತಿಲ್ಲ. ಅಜ್ಜಿ ಹೇಳುವ ರಾಜಕುಮಾರನ ಕಥೆ, ಮಠದ ಅಂಗಳದಲ್ಲಿ ಹೇಳುವ ಪವಾಡ, ಬಯಲಾಟದ ಪ್ರಸಂಗ, ಹುಣಸೆಮರದ ದೆವ್ವದ ಸುದ್ದಿ, ಇತ್ತೀಚಿನ ಕಾದಂಬರಿ ಇವೆಲ್ಲವನ್ನೂ 'ಅದ್ಭುತ' ಎಂಬ ಒಂದೇ ಬುಟ್ಟಿಗೆ ಹಾಕುವ ರೂಢಿ ಸಂಕಲನಗಳಲ್ಲಿಯೂ ಗ್ರಂಥಸೂಚಿಗಳಲ್ಲಿಯೂ ನಡೆದುಬಂದಿದೆ. ಇದರಿಂದ ಆಗುವ ನಷ್ಟವನ್ನು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪರಿಸರದ ಕಥನಗಳ ಮೂಲಕ ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

ಜಾನಪದ ಅಧ್ಯಯನದಲ್ಲಿ ವರ್ಗೀಕರಣದ ಸಾಧನಗಳು ಇಲ್ಲವೆಂದಲ್ಲ. ಆಂಟಿ ಆರ್ನೆ 1910ರಲ್ಲಿ ಆರಂಭಿಸಿದ ಕಥಾವರ್ಗ ಸೂಚಿಯನ್ನು ಸ್ಟಿತ್ ಥಾಮ್ಸನ್ 1928 ಮತ್ತು 1961ರಲ್ಲಿ ಪರಿಷ್ಕರಿಸಿದರು. 2004ರಲ್ಲಿ ಹಾನ್ಸ್-ಯೋರ್ಗ್ ಉಥರ್ ಅದನ್ನು ಮತ್ತೊಮ್ಮೆ ತಿದ್ದಿದರು. ಅದರಲ್ಲಿ 300ರಿಂದ 749ರವರೆಗೆ ಮಾಂತ್ರಿಕ ಕಥೆಗಳು, 750ರಿಂದ 849ರವರೆಗೆ ಧಾರ್ಮಿಕ ಕಥೆಗಳು. ಥಾಮ್ಸನ್ ಮತ್ತು ವಾರನ್ ರಾಬರ್ಟ್ಸ್ 1960ರಲ್ಲಿ ಭಾರತೀಯ ಮೌಖಿಕ ಕಥೆಗಳಿಗಾಗಿಯೇ ಒಂದು ಸೂಚಿಯನ್ನು ಸಿದ್ಧಪಡಿಸಿದರು. ಇವು ಉಪಯುಕ್ತ ಗ್ರಂಥಗಳು. ಆದರೆ ಅವು ಕಥೆಯೊಳಗಿನ ವಸ್ತುವನ್ನು ಎಣಿಸುತ್ತವೆಯೇ ಹೊರತು ಕಥೆ ಹೇಳುವವರಿಗೂ ಕೇಳುವವರಿಗೂ ನಡುವೆ ಇರುವ ಒಪ್ಪಂದವನ್ನು ನೋಡುವುದಿಲ್ಲ. ಅದ್ಭುತ ಕಥನದ ಉಪಪ್ರಕಾರಗಳು ಹುಟ್ಟುವುದು ಈ ಒಪ್ಪಂದದಲ್ಲಿ. ಆ ಒಪ್ಪಂದದ ಅತ್ಯಂತ ಸ್ಪಷ್ಟ ಗುರುತು ಹೆಸರು: ಕಥೆಯೊಳಗಿನ ಊರಿಗೆ, ಮನುಷ್ಯರಿಗೆ ಹೆಸರಿದೆಯೇ, ಇದ್ದರೆ ಅದು ಎಂಥ ಹೆಸರು ಎಂಬುದು.

ಒಂದು ಆಶಯವನ್ನು ತೆಗೆದುಕೊಳ್ಳೋಣ. ದೂರದಲ್ಲಿರುವ ವ್ಯಕ್ತಿಯನ್ನೋ ವಸ್ತುವನ್ನೋ ಕ್ಷಣಮಾತ್ರದಲ್ಲಿ ಹೊತ್ತು ತರುವುದು ಥಾಮ್ಸನ್ನನ ಆಶಯ ಸೂಚಿಯಲ್ಲಿ ಡಿ 2120, ಅಂದರೆ ಮಾಂತ್ರಿಕ ಸಾಗಾಣಿಕೆ. ಉಂಗುರದ ಮಹಿಮೆಯಿಂದ ಅರಮನೆಯೇ ಕಡಲಾಚೆ ಹಾರಿಹೋಗುವ ಕಥೆಯಲ್ಲಿ (ಇದು 560ನೆಯ ವರ್ಗ) ಈ ಆಶಯವಿದೆ. ಚಿತ್ರಲೇಖೆ ಮಲಗಿದ್ದ ಅನಿರುದ್ಧನನ್ನು ದ್ವಾರಕೆಯಿಂದ ಶೋಣಿತಪುರಕ್ಕೆ ತರುವುದರಲ್ಲಿಯೂ ಇದೆ. ಸೌರಾಷ್ಟ್ರದ ಸೋಮನಾಥ ಪುಲಿಗೆರೆಗೆ ಬಂದ ಕಥೆಯಲ್ಲಿಯೂ ಇದೆ. ಆಶಯ ಒಂದೇ ಆದರೂ ಮೂರು ಕಥನಗಳನ್ನು ಕೇಳುವ ಕಿವಿ ಒಂದೇ ಅಲ್ಲ.

ಮೊದಲನೆಯದು ಹೆಸರಿಲ್ಲದ ಕಥೆ. ಎ.ಕೆ. ರಾಮಾನುಜನ್ ಅವರು 1986ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಕನ್ನಡ ಜಾನಪದಕ್ಕೆ ತಮಿಳಿನ ಅಹಂ-ಪುರಂ ಎಂಬ ಪರಿಕಲ್ಪನೆಯನ್ನು ಅನ್ವಯಿಸಿದರು. ಮನೆಯೊಳಗೆ, ಬಹುಮಟ್ಟಿಗೆ ಹೆಂಗಸರು ಹೇಳುವ ಕಥೆಗಳಲ್ಲಿ ಪಾತ್ರಗಳಿಗೂ ಊರಿಗೂ ಹೆಸರಿರುವುದಿಲ್ಲ; ಕಥೆ ಹೊರಗಿನ ಅಂಗಳಕ್ಕೆ, ವೃತ್ತಿಗಾಯಕರ ಬಾಯಿಗೆ ಬಂದಂತೆ ಹೆಸರುಗಳು ಸೇರತೊಡಗುತ್ತವೆ ಎಂಬುದು ಅವರು ಗುರುತಿಸಿದ ಮಹತ್ವದ ಸಂಗತಿ. 'ಒಂದೂರಾಗ ಒಬ್ಬ ರಾಜಾ ಇದ್ನಂತ' ಎಂದು ಈ ಭಾಗದಲ್ಲಿ ಕಥೆ ಆರಂಭವಾಗುತ್ತದೆ. ಇಲ್ಲಿಯ 'ಅಂತ' ಎಂಬ ಪ್ರತ್ಯಯವನ್ನು ಲಘುವಾಗಿ ನೋಡಬಾರದು. ಹೇಳುವವಳು ಆ ಒಂದು ಪ್ರತ್ಯಯದಿಂದ ಕಥೆಯ ನಿಜ-ಸುಳ್ಳಿನ ಹೊಣೆಯನ್ನು ಕೆಳಗಿಳಿಸುತ್ತಾಳೆ. ಕೇಳುವ ಮಗುವಿನ ಕೆಲಸ 'ಹ್ಞೂಂ' ಎನ್ನುವುದಷ್ಟೇ. ಯಾವ ರಾಜ, ಯಾವ ಊರು ಎಂದು ಅದು ಕೇಳುವುದಿಲ್ಲ. ನೀರು ಸುರಿದರೆ ಹೂವಿನ ಮರವಾಗುವ ಹುಡುಗಿಯ ಕಥೆಯಲ್ಲಿ ಅವಳು ಹೇಗೆ ಮರವಾದಳು ಎಂಬುದಕ್ಕೆ ವಿವರಣೆಯೇ ಇಲ್ಲ, ಬೇಕಾಗಿಯೂ ಇಲ್ಲ. ಬೆರಗು ಇರುವುದು ಮರವಾಗುವುದರಲ್ಲಿ ಅಲ್ಲ. ಕೊಂಬೆ ಮುರಿಯದಂತೆ ಹೂ ಕೀಳಬೇಕು ಎಂಬ ಮಾತನ್ನು ಗಂಡನ ಮನೆಯವರು ಮೀರಿದಾಗ ಅವಳ ಮೈಗೆ ಏನಾಗುತ್ತದೆ ಎಂಬುದರಲ್ಲಿ. ಕಥೆಯೊಳಗಿನ ಈ ಸಂಕಟವನ್ನು ಬಿಟ್ಟು 'ಮಾಂತ್ರಿಕ ರೂಪಾಂತರ' ಎಂದು ಚೀಟಿ ಅಂಟಿಸುವ ಸೂಚಿಕಾರ ಮರವನ್ನು ಕಂಡನೇ ಹೊರತು ಹುಡುಗಿಯನ್ನು ಕಾಣಲಿಲ್ಲ.

ಈ ಹೆಸರಿಲ್ಲದಿರುವಿಕೆಯ ಬೆಲೆಯನ್ನು ಅರಿತವರಲ್ಲಿ ಗಿರೀಶ ಕಾರ್ನಾಡರು ಮುಖ್ಯರು. 'ನಾಗಮಂಡಲ'ದಲ್ಲಿ (1988) ನಾಯಕಿ ರಾಣಿ, ಗಂಡ ಅಪ್ಪಣ್ಣ. ಒಂದು ಯಾವ ರಾಣಿಯೂ ಆಗಬಹುದಾದ ಹೆಸರು, ಇನ್ನೊಂದು ಯಾವ ಗಂಡಸಿಗೂ ಹೊಂದುವ ಹೆಸರು. ಹೂವಿನ ಮರದ ಕಥೆಯನ್ನು 1992ರಲ್ಲಿ ಚಲನಚಿತ್ರವಾಗಿಸಿದಾಗಲೂ ಅವರು 'ಚೆಲುವಿ' ಎಂದರು. ಅದು ಹೆಸರಿಗಿಂತ ಹೆಚ್ಚಾಗಿ ಗುಣವಾಚಕ. ರಂಗಭೂಮಿಗೆ ಹೆಸರು ಬೇಕು, ಅಜ್ಜಿಕಥೆಗೆ ಬೇಡ. ಈ ಇಕ್ಕಟ್ಟಿನಲ್ಲಿ ಅವರು ಹಿಡಿದ ದಾರಿ ಮೂಲದ ಒಪ್ಪಂದವನ್ನು ಬಹುಮಟ್ಟಿಗೆ ಕಾಯ್ದುಕೊಂಡಿದೆ.

ಎರಡನೆಯದು ಪವಾಡ. ಇಲ್ಲಿ ಪರಿಸ್ಥಿತಿ ಸಂಪೂರ್ಣ ತಿರುವುಮುರುವಾಗುತ್ತದೆ. ಗದಗಿನ ವೀರನಾರಾಯಣ ದೇವಾಲಯದಲ್ಲಿ ಕುಮಾರವ್ಯಾಸ ಒದ್ದೆಬಟ್ಟೆಯಲ್ಲಿ ಕುಳಿತು, ಬಟ್ಟೆ ಆರುವವರೆಗೆ ಮಾತ್ರ ಕಾವ್ಯ ಹೇಳುತ್ತಿದ್ದನೆಂಬ ಐತಿಹ್ಯವಿದೆ. ಅದನ್ನು ಹೇಳುವವರು 'ಇದ ಕಂಬರೀ' ಎಂದು ಕೈಮಾಡಿ ತೋರಿಸುತ್ತಾರೆ. 'ಅಂತ' ಹೋಗಿ 'ಇದ' ಬಂದಾಗ ಕಥೆಯ ಪ್ರಕಾರವೇ ಬದಲಾಯಿತು. ಲಕ್ಕುಂಡಿಯ ಬ್ರಹ್ಮಜಿನಾಲಯದ 1007ರ ಶಾಸನ ದಾನಚಿಂತಾಮಣಿ ಅತ್ತಿಮಬ್ಬೆಯ ಮಹಿಮೆಗಳನ್ನು ಕಲ್ಲಿನಲ್ಲಿಯೇ ಬರೆಸಿದೆ. ಉಕ್ಕಿದ ಗೋದಾವರಿ ಅವಳ ಭಕ್ತಿಗೆ ತಗ್ಗಿತೆಂಬ ಸಂಗತಿ ಜೈನ ಪರಂಪರೆಯಲ್ಲಿ ಪ್ರಸಿದ್ಧ. ನದಿ ದಾರಿ ಬಿಡುವ ಘಟನೆ ಅಜ್ಜಿಕಥೆಗಳಲ್ಲಿಯೂ ಬರುತ್ತದೆ. ಆದರೆ ಅಲ್ಲಿ ನದಿಗೆ ಹೆಸರಿಲ್ಲ. ಇಲ್ಲಿ ನದಿಗೆ, ಹೆಂಗಸಿಗೆ, ಅವಳು ಕಟ್ಟಿಸಿದ ಬಸದಿಗೆ ಹೆಸರಿದೆ, ವರ್ಷವಿದೆ.

ಲಕ್ಷ್ಮೇಶ್ವರದ ಸೋಮೇಶ್ವರನ ಕಥೆಯಲ್ಲಿ ಈ ಸಂಗತಿ ಇನ್ನೂ ತೀಕ್ಷ್ಣವಾಗುತ್ತದೆ. ಸೌರಾಷ್ಟ್ರದಿಂದ ವ್ಯಾಪಾರಕ್ಕಾಗಿ ಪುಲಿಗೆರೆಗೆ ಬಂದ ಆದಯ್ಯ ಜೈನ ವರ್ತಕನ ಮಗಳು ಪದ್ಮಾವತಿಯನ್ನು ಮದುವೆಯಾಗುತ್ತಾನೆ. ಮಾವನ ಮನೆಯಲ್ಲಿ ಶಿವಭಕ್ತರಿಗೆ ಅವಮಾನವಾದಾಗ ಸೌರಾಷ್ಟ್ರದ ಸೋಮನಾಥನನ್ನೇ ತಂದು ಇಲ್ಲಿಯ ಬಸದಿಯಲ್ಲಿ ನಿಲ್ಲಿಸುವೆನೆಂದು ಪಣ ತೊಡುತ್ತಾನೆ. ಹರಿಹರ ಇದನ್ನು ರಗಳೆಯಾಗಿಸಿದ, ರಾಘವಾಂಕ 'ಸೋಮನಾಥ ಚಾರಿತ್ರ'ವಾಗಿಸಿದ. ದೇವರು ಅಷ್ಟು ದೂರದಿಂದ ಬಂದದ್ದು ಡಿ 2120 ಹೌದು. ಆದರೆ ಈ ಕಥೆ ಆಡುವ ಮಾತು ಬೇರೆ: ಈ ಸ್ಥಳ ಯಾರದು, ಯಾವ ಹಕ್ಕಿನಿಂದ ಎಂಬುದು. ಮಲಿನೋವ್‌ಸ್ಕಿ 1926ರಲ್ಲಿ ಪುರಾಣವನ್ನು ಸಮಾಜದ ಸನದು ಎಂಬ ಅರ್ಥದಲ್ಲಿ ವಿವರಿಸಿದ್ದರು. ಆ ಮಾತು ಪವಾಡಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಅದೇ ಲಕ್ಷ್ಮೇಶ್ವರದಲ್ಲಿ ಶಂಖಬಸದಿ ಇಂದಿಗೂ ನಿಂತಿದೆ. ಜೈನನಾದ ಪಂಪ ಪುಲಿಗೆರೆಯ ಕನ್ನಡವನ್ನು ತನ್ನ ಕಾವ್ಯದ ಭಾಷೆಯೆಂದು ಹೇಳಿಕೊಂಡದ್ದು ಹತ್ತನೆಯ ಶತಮಾನದಲ್ಲಿ. ಹೀಗಿರುವಾಗ ಆದಯ್ಯನ ಕಥೆಯನ್ನು 'ಫ್ಯಾಂಟಸಿ' ಎಂದು ಕರೆದರೆ ಎರಡು ಅನ್ಯಾಯಗಳಾಗುತ್ತವೆ. ನಂಬುವವರ ನಂಬಿಕೆ ಮಕ್ಕಳ ಕಥೆಯಾಗುತ್ತದೆ. ಆ ಕಥೆಯೊಳಗಿರುವ ಧಾರ್ಮಿಕ ಸಂಘರ್ಷದ ನೆನಪು ಬಣ್ಣದ ಕಾಗದದಲ್ಲಿ ಸುತ್ತಿ ಮರೆಯಾಗುತ್ತದೆ. ಇದನ್ನು ನೇರವಾಗಿ ಇತಿಹಾಸವೆಂದು ಓದುವವರಿಂದ ಆಗುವ ಅಪಾಯ ಇನ್ನೂ ದೊಡ್ಡದು. ಪವಾಡವನ್ನು ಪವಾಡವೆಂದೇ, ಅಂದರೆ ಹಕ್ಕು ಹೇಳುವ ಕಥನಪ್ರಕಾರವೆಂದು ಓದಿದರೆ ಮಾತ್ರ ಈ ಎರಡೂ ತಪ್ಪುಗಳಿಂದ ಪಾರಾಗಬಹುದು.

ಶಿರಹಟ್ಟಿಯ ಫಕೀರೇಶ್ವರ ಮಠ ಈ ಚರ್ಚೆಗೆ ಬೇರೊಂದು ಆಯಾಮವನ್ನು ಸೇರಿಸುತ್ತದೆ. ಬಿಜಾಪುರದ ಖ್ವಾಜಾ ಅಮೀನುದ್ದೀನರ ಸಂಬಂಧವನ್ನು ನೆನೆಯುವ ಈ ಮಠದಲ್ಲಿ ಹಿಂದೂ-ಮುಸ್ಲಿಂ ನಡೆಗಳೆರಡೂ ಕೂಡಿವೆ. ಒಂದೇ ಮಹಿಮೆಯನ್ನು ಒಬ್ಬರು ಪವಾಡ ಎನ್ನಬಹುದು, ಇನ್ನೊಬ್ಬರು ಕರಾಮತ್ತು ಎನ್ನಬಹುದು. ಇಸ್ಲಾಮೀ ಪರಂಪರೆ ಪ್ರವಾದಿಯ ಅದ್ಭುತವನ್ನು ಮುಅಜಿಜಾ ಎಂದೂ ಸಂತನ ಅದ್ಭುತವನ್ನು ಕರಾಮತ್ ಎಂದೂ ಬೇರೆ ಮಾಡುತ್ತದೆ. ಉಪಪ್ರಕಾರಗಳ ಈ ವಿವೇಕ ಏನು ನಡೆಯಿತು ಎಂಬುದನ್ನಲ್ಲ, ಯಾರಿಂದ ನಡೆಯಿತು ಎಂಬುದನ್ನು ಆಧರಿಸಿದೆ. ಪಾಶ್ಚಾತ್ಯ ಸೂಚಿಗಳಿಗಿಂತ ನಮ್ಮ ಅಂಗಳದ ಈ ಪಾರಿಭಾಷಿಕ ಪದಗಳು ಹೆಚ್ಚು ಸೂಕ್ಷ್ಮವಾಗಿವೆ ಎಂದು ನನ್ನ ಅಭಿಪ್ರಾಯ.

ಮೂರನೆಯದು ದೊಡ್ಡಾಟ, ಪಾರಿಜಾತ ಮೊದಲಾದ ರಂಗಕಥನಗಳ ಅದ್ಭುತ. 1870ರ ದಶಕದಲ್ಲಿ ಗದಗಿನಲ್ಲಿ ನಾಟಕ ಮಂಡಳಿ ಕಟ್ಟಿದ ಶಾಂತಕವಿಗಳು, ಮರಾಠಿ ಕಂಪನಿಗಳ ಅಬ್ಬರಕ್ಕೆ ಎದುರಾಗಿ ಕನ್ನಡದಲ್ಲಿ ಆಡಿಸಲು ಆರಿಸಿಕೊಂಡ ವಸ್ತುಗಳಲ್ಲಿ 'ಉಷಾಹರಣ' ಒಂದು. ಅದರಲ್ಲಿ ಕನಸಿನಲ್ಲಿ ಕಂಡ ಗಂಡು, ಚಿತ್ರ ನೋಡಿ ಗುರುತಿಸುವುದು, ಮಲಗಿದ್ದವನನ್ನು ಹೊತ್ತು ತರುವುದು ಎಲ್ಲವೂ ಇವೆ. ಅಜ್ಜಿಕಥೆಯಲ್ಲಿ ಇರುವುದೂ ಇವೇ. ಆದರೆ ದ್ವಾರಕೆ ಮತ್ತು ಶೋಣಿತಪುರ ಹೆಸರುಳ್ಳ ಊರುಗಳಾಗಿಯೂ ನಮ್ಮ ಊರುಗಳಲ್ಲ. ಯಾರ ಹೊಲದ ಹಕ್ಕೂ ಅಲ್ಲಿ ತೀರ್ಮಾನವಾಗುವುದಿಲ್ಲ. ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಮುಂದೇನು ಎಂಬ ಕುತೂಹಲವೂ ಇಲ್ಲ. ಚಿತ್ರಲೇಖೆಯ ಪಾತ್ರಧಾರಿ ಹೇಗೆ ಹಾಡಿದ, ಮಂಚ ಹೇಗೆ ಮೇಲೆದ್ದಿತು ಎಂಬುದರಲ್ಲಿ ಬೆರಗು. ಇಲ್ಲಿ ಅದ್ಭುತ ಎಂಬುದು ಕಸುಬಿನ ಮಾತು.

ಹಾಗಾದರೆ ಅನುಮಾನ ಎಲ್ಲಿದೆ? ತ್ಸ್ವೆತಾನ್ ತೊದೊರೋವ್ 1970ರಲ್ಲಿ ಅದ್ಭುತ ಸಾಹಿತ್ಯದ ತಿರುಳನ್ನು ಹೊಯ್ದಾಟವೆಂದು ನಿರ್ವಚಿಸಿದ: ನಡೆದದ್ದು ಲೋಕನಿಯಮದೊಳಗಿನದೋ ಹೊರಗಿನದೋ ಎಂದು ಓದುಗ ನಿರ್ಧರಿಸಲಾರದ ಸ್ಥಿತಿ. ಕನ್ನಡ ವಿಮರ್ಶಕರು ಈ ಸೂತ್ರವನ್ನು ಜನಪದ ಕಥೆಗಳ ಮೇಲೆ ಹೊರಿಸಿದ್ದುಂಟು. ಅದು ಅಲ್ಲಿ ನಿಲ್ಲುವುದಿಲ್ಲ. ಅಜ್ಜಿಕಥೆಯಲ್ಲಿ ಅನುಮಾನದ ಪ್ರಶ್ನೆಯೇ ಹುಟ್ಟುವುದಿಲ್ಲ, ಪವಾಡದಲ್ಲಿ ಅನುಮಾನಕ್ಕೆ ಅವಕಾಶವಿಲ್ಲ. ತೊದೊರೋವನ ಪ್ರಕಾರ ನಮ್ಮಲ್ಲಿ ಜೀವಂತವಾಗಿರುವುದು ದೆವ್ವದ ಸುದ್ದಿಯಲ್ಲಿ. 'ನಮ್ಮ ಕಾಕಾ ಕಣ್ಣಾರೆ ಕಂಡಾರ' ಎಂದು ಒಬ್ಬ ಹೇಳಿದರೆ, 'ಕುಡದು ಬಂದಿರಬೇಕು ತಗೀ' ಎಂದು ಇನ್ನೊಬ್ಬ ನಗುತ್ತಾನೆ, ಮೂರನೆಯವ ಸುಮ್ಮನಿರುತ್ತಾನೆ. ಊರಿನ ಬಾವಿ, ದಾರಿಯ ಮರ ಎಲ್ಲವೂ ಹೆಸರಿರುವಂಥವೇ. ಸಾಕ್ಷಿ ಮಾತ್ರ ಗಟ್ಟಿಯಿಲ್ಲ. ವಾದವೇ ಈ ಪ್ರಕಾರದ ರೂಪ. ಸಂಕಲನಕಾರರು ಇದನ್ನು ಕಥೆಯಲ್ಲವೆಂದು ಬಿಟ್ಟುಬಿಡುತ್ತಾರೆ, ಅಥವಾ ವಾದವನ್ನು ಕತ್ತರಿಸಿ ಘಟನೆಯನ್ನಷ್ಟೇ ಅಚ್ಚುಹಾಕುತ್ತಾರೆ.

ಇದೇ ಸಂದರ್ಭದಲ್ಲಿ ಕಪ್ಪತಗುಡ್ಡವನ್ನೂ ನೆನೆಯಬೇಕು. ಗದಗ, ಶಿರಹಟ್ಟಿ, ಮುಂಡರಗಿ ಸೀಮೆಗಳಲ್ಲಿ ಚಾಚಿರುವ, 2019ರಲ್ಲಿ ವನ್ಯಜೀವಿಧಾಮವಾದ ಈ ಗುಡ್ಡದ ಸುತ್ತ ಔಷಧಿ ಬೇರು, ಹೊನ್ನು, ನಿಧಿ ಕಾಯುವ ಸರ್ಪ ಎಂಬ ಮಾತುಗಳು ಹೆಣೆದುಕೊಂಡಿವೆ. ಬೇರು ನಿಜ, ಹೊನ್ನೂ ನಿಜ. ಗುಡ್ಡದ ಹಳ್ಳಗಳ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದ ಜಾಲಗಾರರು ಇದ್ದರು, ಬ್ರಿಟಿಷರ ಕಾಲದಲ್ಲಿ ಗಣಿಯೂ ನಡೆದಿತ್ತು. ಆದ್ದರಿಂದ ವಾಸ್ತವ ಒಂದು ಕಡೆ, ಅದ್ಭುತ ಇನ್ನೊಂದು ಕಡೆ ಎಂದು ಗೆರೆ ಎಳೆಯುವ ವ್ಯಾಖ್ಯೆ ಇಲ್ಲಿ ಮೊದಲ ಹೆಜ್ಜೆಗೇ ಎಡವುತ್ತದೆ. ಸರ್ಪವನ್ನು ತೆಗೆದುಹಾಕಿದರೆ ಉಳಿಯುವುದು ಭೂವಿಜ್ಞಾನ.

ಇನ್ನು ಇಲ್ಲದ ಊರಿಗೆ ಹೆಸರಿಡುವ ಪ್ರಕಾರ. ಟೋಲ್ಕಿನ್ 1939ರ ತಮ್ಮ ಉಪನ್ಯಾಸದಲ್ಲಿ ಮಂಡಿಸಿದ 'ಎರಡನೆಯ ಲೋಕ'ದ ಕಲ್ಪನೆಗೆ ಸರಿಹೊಂದುವುದು ಇದೊಂದೇ. ಹೆಸರಿಲ್ಲದ ರಾಜನಿಗೆ ಹೆಸರು, ರಾಜ್ಯಕ್ಕೆ ನಕ್ಷೆ ಕೊಡುವ ಅಭ್ಯಾಸವನ್ನು ಕನ್ನಡದ ಎಳೆಯ ಓದುಗರಿಗೆ ಹಿಡಿಸಿದ್ದರಲ್ಲಿ 'ಚಂದಮಾಮ'ದ ಧಾರಾವಾಹಿಗಳ ಪಾಲು ದೊಡ್ಡದು. ಅದರ ಬಗ್ಗೆ ಪ್ರತ್ಯೇಕ ಅಧ್ಯಯನವೇ ಆಗಬೇಕು. ಪ್ರೌಢ ಸಾಹಿತ್ಯದಲ್ಲಿ ಚಂದ್ರಶೇಖರ ಕಂಬಾರರ ಶಿವಾಪುರ ಇದಕ್ಕೆ ಶ್ರೇಷ್ಠ ನಿದರ್ಶನ. ಅವರ ಕೃತಿಯಿಂದ ಕೃತಿಗೆ ಬೆಳೆದ ಈ ಊರು 'ಶಿಖರಸೂರ್ಯ'ದಲ್ಲಿ ಕನಕಪುರಿಯೆಂಬ ಮತ್ತೊಂದು ಕಲ್ಪಿತ ನಗರದ ಎದುರು ನಿಲ್ಲುತ್ತದೆ. ಪಾಶ್ಚಾತ್ಯ ವಿಮರ್ಶೆ ಇಂಥದನ್ನು ಉನ್ನತ ಫ್ಯಾಂಟಸಿ ಎನ್ನುತ್ತದೆ. ಆದರೆ ಶಿವಾಪುರಕ್ಕೆ ಅಜ್ಜಿಕಥೆಯ ಮಾಯೆಯೂ ಇದೆ, ಸ್ಥಳಪುರಾಣದ ಹಕ್ಕೂ ಇದೆ. ನಾನು ಮೇಲೆ ಬೇರ್ಪಡಿಸಿದ ಎರಡು ಪ್ರಕಾರಗಳನ್ನು ಒಬ್ಬ ಲೇಖಕ ತಿಳಿದೇ ಬೆಸೆದ ಪ್ರಯೋಗವಿದು. ಬೆಸುಗೆಯ ಶಕ್ತಿ ಕಾಣಬೇಕಾದರೆ ಅವು ಬೇರೆಯಾಗಿದ್ದವೆಂಬ ಅರಿವು ಓದುಗನಲ್ಲಿರಬೇಕು.

ಈ ಚರ್ಚೆಯ ಪರಿಣಾಮ ನಮ್ಮ ಗ್ರಂಥಾಲಯಗಳಿಗೂ ತಟ್ಟುತ್ತದೆ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಜನಪದ ಕಥೆ 398.2, ಹಿಂದೂ ಧರ್ಮ 294.5, ಇಸ್ಲಾಂ 297. ಫಕೀರೇಶ್ವರರ ಮಹಿಮೆಗಳ ಪುಸ್ತಕವನ್ನು ಇವುಗಳಲ್ಲಿ ಯಾವ ಕಪಾಟಿನಲ್ಲಿ ಇಟ್ಟರೂ ಓದುಗರಲ್ಲಿ ಒಂದು ಪಂಗಡಕ್ಕೆ ಅದು ಸಿಗುವುದಿಲ್ಲ. ಕ್ಷೇತ್ರಕಾರ್ಯದ ದಾಖಲೆಗಳ ಪಾಡು ಇದಕ್ಕಿಂತ ಕಷ್ಟದ್ದು. ವಕ್ತೃವಿನ ಹೆಸರು, ವಯಸ್ಸು, ಜಾತಿ, ಊರು ಎಂಬ ಕಲಮುಗಳನ್ನು ನಾವು ತಪ್ಪದೆ ತುಂಬುತ್ತೇವೆ. ಕಥೆ ಹಗಲು ಹೇಳಿದ್ದೋ ರಾತ್ರಿಯೋ, ಯಾರ ಎದುರಿನಲ್ಲಿ, ಕೇಳುಗರು ಹ್ಞೂಂಗುಟ್ಟಿದರೋ ಕೈಮುಗಿದರೋ ವಾದಿಸಿದರೋ, ಕ್ರಿಯಾಪದಕ್ಕೆ 'ಅಂತ' ಹತ್ತಿತ್ತೋ ಇಲ್ಲವೋ ಎಂಬುದಕ್ಕೆ ಕಲಮುಗಳಿಲ್ಲ. ಈ ನಾಲ್ಕನ್ನು ಸೇರಿಸಲು ಒಂದು ಸಾಲು ಜಾಗ ಸಾಕು. ಶಿರಹಟ್ಟಿ ಸೀಮೆಯ ಒಬ್ಬ ಅಜ್ಜಿ ಮಠದ ಜಾತ್ರೆಯಲ್ಲಿ ಹೆಸರು ಹಿಡಿದು ಹೇಳಿ ಕೈಮುಗಿದ ಮಹಿಮೆಯನ್ನೇ ರಾತ್ರಿ ಮೊಮ್ಮಗಳಿಗೆ 'ಒಬ್ಬ ಸಾಧು ಇದ್ನಂತ' ಎಂದು ಹೆಸರಿಲ್ಲದೆ ಹೇಳಿದರೆ, ಇಂದಿನ ನಮ್ಮ ನಮೂನೆಯಲ್ಲಿ ಅವೆರಡೂ ಒಂದೇ ಕಥೆಯ ಎರಡು ಪಾಠಾಂತರಗಳೆಂದು ದಾಖಲಾಗುತ್ತವೆ.